ನಾಲ್ಕನೇ ರೂಮಿನ ಸಿಗ್ನಲ್

ಮಾರ್ಚ್ 3, ಸೋಮವಾರ. ಸಂಜೆ

ಮೂಗು ಇನ್ನೂ ಕೆಂಪಗಿದೆ. ಎರಡನೇ ರೂಮು, ಮೂರನೇ ರೂಮು — ಸಿಗ್ನಲ್ ಅಳತೆ ಮುಗಿಯಿತು. ಕೋಟಿನ ಮೇಲೆ ಕೋಟು, ಗ್ಲೌಸಿನ ಮೇಲೆ ಗ್ಲೌಸು, ಆದರೂ ಸ್ವಲ್ಪ ಹೊತ್ತಿಗೇ ಬೆರಳು ನನ್ನದಲ್ಲ ಅನಿಸುತ್ತದೆ. ಚಳಿಗೆ ಬಾಲ್‌ಪೆನ್ ಕೈಕೊಟ್ಟಿತು, ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಬಂದೆ. ಪೆನ್ಸಿಲ್ ತಗೊಂಡು ಹೋಗು ಎಂದು ಅಕ್ಕ ಬೆಳಿಗ್ಗೆಯೇ ಹೇಳಿದ್ದಳು. ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ನನ್ನ ಖಾಲಿ ಹಾಳೆ ನೋಡಿ ನಕ್ಕಳು. ಬೈದಿದ್ದರೆ ವಾಸಿ ಇತ್ತು.

ನಾಳೆ ನಾಲ್ಕನೇ ರೂಮು. ಅಕ್ಕನ ರೂಮು. ಇಡೀ ಕೋಲ್ಡ್ ಸ್ಟೋರೇಜಿನಲ್ಲಿ ಅತಿ ದೊಡ್ಡದು, ಅತಿ ತಣ್ಣಗಿನದು — ಮೈನಸ್ ಇಪ್ಪತ್ತೈದು. ಸೂರು ಮುಟ್ಟುವ ರ‍್ಯಾಕುಗಳು, ಅವುಗಳ ತುಂಬ ಮೀನು, ಬಟಾಣಿ, ಐಸ್‌ಕ್ರೀಮ್. ನಡುವೆ ಫೋರ್ಕ್‌ಲಿಫ್ಟ್ ಮೇಲೆ ಅಕ್ಕ ಒಬ್ಬಳೇ. ಗೋಡೆ ಎಂದರೆ ಎರಡು ಕಡೆ ತಗಡು, ಮಧ್ಯೆ ಫೋಮ್. ಬಾಗಿಲು ಮುಚ್ಚಿದರೆ ಯಾವ ಕಂಪನಿಯ ಸಿಮ್ಮೂ ಕೆಲಸ ಮಾಡುವುದಿಲ್ಲ. ಡಿಸೆಂಬರ್‌ನಲ್ಲಿ ಒಳಗಿನ ಹಿಡಿಕೆ ಹಿಮಗಟ್ಟಿ, ಪ್ಯಾಕಿಂಗ್ ಕೆಲಸದವನು — ಎಲ್ಲರೂ ಮೀಸೆ ಎಂದೇ ಕರೆಯುವುದು — ಅಲ್ಲೇ ಸಿಕ್ಕಿಬಿದ್ದ. ಬಡಿದ, ಕೂಗಿದ. ಕಂಪ್ರೆಸರ್ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಎರಡು ಬೆರಳು ಹೋದವು. ಆಮೇಲೆ ಕಂಪನಿಗೆ ಎಚ್ಚರವಾಯಿತು. ಕಟ್ಟಡದೊಳಗೆ ನಮ್ಮದೇ ಪುಟ್ಟ ಮೊಬೈಲ್ ನೆಟ್‌ವರ್ಕ್. ನಮ್ಮದೇ ಸಿಮ್. ಬದಿಯಲ್ಲಿ ಕೆಂಪು ಗುಂಡಿ ಇರುವ ಗಟ್ಟಿ ಫೋನು — ಒತ್ತಿದರೆ ಹೊರಗೆ ಸೈರನ್.

ಕೆಲಸವನ್ನು ನನ್ನ ತಲೆಗೆ ಕಟ್ಟಿದರು ಎಂದು ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಯಾರೂ ಕಟ್ಟಲಿಲ್ಲ. ನಾನೇ ಮೇಲೆ ಬಿದ್ದು ಹೊತ್ತುಕೊಂಡೆ. ಏಕೆಂದರೆ ಹೋದ ತಿಂಗಳು ಅಕ್ಕ ಒಳಗೆ ಕಣ್ಣು ಕತ್ತಲೆ ಬಂದು ಬಿದ್ದಳು. ಎಷ್ಟು ಹೊತ್ತು ಬಿದ್ದಿದ್ದಳೋ ಅವಳಿಗೇ ಗೊತ್ತಿಲ್ಲ. ಎದ್ದು ಬಂದು ನನಗೆ ಮಾತ್ರ ಹೇಳಿದಳು. ಹೇಳಿ, ಬಾಯಿಗೆ ಬೀಗ ಹಾಕಿಸಿದಳು.

“ಗೊತ್ತಾದ್ರೆ ಮೇಲ್ಗಡೆ ಲೇಬಲ್ ಅಂಟಿಸೋಕೆ ಕೂರಿಸ್ತಾರೆ ಕಣೇ. ಹತ್ತೊಂಬತ್ತು ವರ್ಷ ಗಾಡಿ ಓಡಿಸಿದೀನಿ. ಗೋಂದಿನ ಡಬ್ಬ ಹಿಡ್ಕೊಂಡು ಸಾಯಲ್ಲ ನಾನು.”

ಅಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತೆರಡು. ಅಂದಿನಿಂದ ಅವಳೇ ಅಮ್ಮ, ಅವಳೇ ಅಕ್ಕ, ಸಿಟ್ಟು ಬಂದರೆ ಅವಳೇ ಅತ್ತೆ. ಅವಳ ಮಾತು ಮೀರಿ ಅಭ್ಯಾಸವಿಲ್ಲ.

ಮಾರ್ಚ್ 5

ರೂಮುಗಳೊಳಗೆ ಸಿಗ್ನಲ್ ಹರಡುವ ರೇಡಿಯೊ ಡಬ್ಬ ಆರಿಸುವ ಮೀಟಿಂಗ್. ತಲೆ ಚಿಟ್ಟು ಹಿಡಿಯಿತು.

ಮಾರಾಟದವನು ಎರಡು ಡಬ್ಬ ಮೇಜಿನ ಮೇಲಿಟ್ಟ. ಒಂದು ಬಿಳಿ, ಹಗುರ, ನೋಡಲು ಚೆಂದ. ಇನ್ನೊಂದು ಬೂದು, ಬೆನ್ನ ತುಂಬ ಲೋಹದ ರೆಕ್ಕೆ, ಎತ್ತಿದರೆ ಸೊಂಟ ಹಿಡಿಯಬೇಕು. ಮ್ಯಾನೇಜರ್ ಕಣ್ಣು ಆಗಲೇ ಬಿಳಿಯದರ ಮೇಲೆ.

“ಇದನ್ನ ಎಲ್ಲಾ ಆಫೀಸಲ್ಲೂ ಹಾಕಿದೀವಿ ಮೇಡಂ. ಕಂಪ್ಲೇಂಟೇ ಇಲ್ಲ.”

“ಅದರಲ್ಲಿ ಯಾವ ಆಫೀಸು ಮೈನಸ್ ಇಪ್ಪತ್ತೈದರಲ್ಲಿದೆ?”

ನಕ್ಕ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದೆ, ಸೊನ್ನೆಯಿಂದ ನಲವತ್ತು ಡಿಗ್ರಿ. ಅದನ್ನು ಮ್ಯಾನೇಜರ್ ಮುಂದೆ ಹಿಡಿದೆ. “ಅವರು ಯಾವಾಗ್ಲೂ ಒಂದು ಸೇಫ್ಟಿಗೆ ಕಮ್ಮೀನೇ ಬರೀತಾರೆ ಬಿಡಿ” ಅಂದರು. ಸರಿ ಸಾರ್, ಅನುಮಾನ ಯಾಕೆ, ನಾಲ್ಕನೇ ರೂಮಿನಲ್ಲಿ ಇಟ್ಟೇ ನೋಡೋಣ ಅಂದೆ. ಊಟದ ಹೊತ್ತಿಗೆ ಇಟ್ಟದ್ದು. ಟೀ ಹೊತ್ತಿಗೆ ದೀಪ ಆರಿತ್ತು. ಹೊರಗೆ ತಂದರೆ ಮೈಯೆಲ್ಲ ಬೆವರು, ತೂತುಗಳಿಂದ ನೀರು. ಮಾರಾಟದವನ ಮುಖ ನೋಡಲಾಗಲಿಲ್ಲ. ಸ್ಯಾಂಪಲ್ ಹಾಳು ಮಾಡಿದೆ ಎಂದು ಮ್ಯಾನೇಜರ್ ನನ್ನ ಮೇಲೆ ಹಾರಾಡಿದರು. ಹಾರಾಡಲಿ. ಬೂದು ಡಬ್ಬಕ್ಕೆ ಸಹಿ ಬಿತ್ತು.

ಇನ್ನು ಕೇಬಲ್. ಗೋಡೆಗೆ ತೂತು ಹೊಡೆಯಬೇಕು ಅಂದದ್ದೇ ತಡ, ಕೂಲಿಂಗ್ ಮೇಸ್ತ್ರಿ ಅಡ್ಡ ನಿಂತರು. ಕಂಪ್ರೆಸರುಗಳೆಲ್ಲ ಅವರ ಮಕ್ಕಳಿದ್ದ ಹಾಗೆ.

“ತೂತು ಹೊಡೆದ್ರೆ ಅಲ್ಲಿ ಹಿಮ ಬೆಳೆಯುತ್ತಮ್ಮ, ನಿಮ್ಮ ನೆಟ್‌ವರ್ಕ್ ಬೆಳೆಯಲ್ಲ. ಒಂದು ವರ್ಷಕ್ಕೆ ಗೋಡೆ ಊದ್ಕೊಳ್ಳುತ್ತೆ.”

ಮಾತಿಗೆ ಮಾತು ಬೆಳೆಯಿತು. ನಾನು ಮೀಸೆಯ ಬೆರಳಿನ ಮಾತೆತ್ತಿದೆ. ತಿರುಗಿ ಕಂಪ್ರೆಸರ್ ಕಡೆ ಹೊರಟುಹೋದರು. ಅವತ್ತು ಬಾಗಿಲು ಒಡೆದು ತೆಗೆದದ್ದು ಅವರೇ ಎಂದು ಆಮೇಲೆ ನೆನಪಾಯಿತು, ನಾಲಿಗೆ ಕಚ್ಚಿಕೊಂಡೆ. ಸಂಜೆ ಅವರೇ ಬಂದು ಕರೆದರು. ಬಾಗಿಲಿನ ಹೀಟರ್ ವೈರ್ ಹೋಗುವ ಹಳೆಯ ಪೈಪು ತೋರಿಸಿದರು. ಅದರಲ್ಲಿ ಇನ್ನೊಂದು ಕೇಬಲ್ ಹಿಡಿಸುವಷ್ಟು ಜಾಗ ಇದೆ.

ಮಾರ್ಚ್ 10. ಸ್ಟೋರ್ ರೂಮಿನಲ್ಲಿ

ಬೂದು ಡಬ್ಬಗಳು ನಾಲ್ಕೂ ರೂಮಿನಲ್ಲಿ ಕೂತವು. ಒಳಗೆಲ್ಲ ಸಿಗ್ನಲ್ ಭರ್ತಿ. ಇವತ್ತಿಂದ ಸಿಮ್.

ಹನ್ನೆರಡು ಖಾಲಿ ಕಾರ್ಡು, ಒಂದು ರೀಡರ್, ಲ್ಯಾಪ್‌ಟಾಪ್. ಹೊರಗಿನವರಿಗೆ ಸಿಮ್ ಎಂದರೆ ಅಂಗಡಿಯಲ್ಲಿ ಕೊಡುವ ಚೂರು. ಇಲ್ಲಿ ಪ್ರತಿಯೊಂದಕ್ಕೂ ನಾನೇ ಹೆಸರಿಡಬೇಕು — ಒಂದು ಗುರುತಿನ ನಂಬರ್, ಒಂದು ಗುಟ್ಟಿನ ಕೀ, ನಮ್ಮ ನೆಟ್‌ವರ್ಕಿನ ನಂಬರ್. ಬರೆಯುವ ಮುಂಚೆ ಕಾರ್ಡಿನ ಬೀಗದ ಸಂಖ್ಯೆ ಕೊಡಬೇಕು. ಪ್ರತಿ ಕಾರ್ಡಿಗೂ ಬೇರೆ ಬೇರೆ. ಮೂರು ಸಲ ತಪ್ಪಿದರೆ ಕಾರ್ಡು ಸತ್ತಂತೆ, ಮತ್ತೆ ಏಳುವುದಿಲ್ಲ. ಉಸಿರು ಬಿಗಿಹಿಡಿದು ಒತ್ತುತ್ತಿದ್ದೇನೆ. ಪಕ್ಕದ ಕಂಪ್ರೆಸರಿಗೆ ಮೇಜು ನಡುಗುತ್ತದೆ.

ಮೊದಲನೆಯದು ಅಕ್ಕನದೇ ಮಾಡಿದೆ. ಅವಳ ಕೈಗುಣ ಒಳ್ಳೆಯದು. ಬರೆದದ್ದೇ ತಡ, ತಡೆಯಲಾಗದೆ ಫೋನಿಗೆ ಹಾಕಿ ಆನ್ ಮಾಡಿದೆ. ‘ಸರ್ವಿಸ್ ಇಲ್ಲ’ ಅಂದಿತು. ಆಮೇಲೆ ನನ್ನ ಪೆದ್ದುತನಕ್ಕೆ ನಾನೇ ನಕ್ಕೆ. ಸರ್ವರ್‌ನಲ್ಲಿ ಅವಳ ನಂಬರ್ ಇನ್ನೂ ಸೇರಿಸಿಯೇ ಇರಲಿಲ್ಲ! ಗುರುತಿಲ್ಲದವರನ್ನು ಯಾರು ಒಳಗೆ ಬಿಡುತ್ತಾರೆ. ಸೇರಿಸಿದೆ. ಉಳಿದ ಹನ್ನೊಂದನ್ನು ಬುದ್ಧಿವಂತೆಯ ಹಾಗೆ ಮೊದಲು ಸರ್ವರ್‌ಗೆ ಸೇರಿಸಿ, ಆಮೇಲೆ ಫೋನಿಗೆ ಹಾಕಿದೆ. ಒಂದೊಂದೇ ಹಸಿರಾಗುತ್ತಾ ಬಂದವು. ಕುಣಿಯುವುದೊಂದು ಬಾಕಿ.

ಅಕ್ಕನ ಫೋನು ಮತ್ತೆ ಆನ್ ಮಾಡಿ ನೋಡೋಣ ಎನ್ನುವಷ್ಟರಲ್ಲಿ ಅವಳೇ ಬಂದಳು, ಶಿಫ್ಟ್ ಮುಗಿಸಿ. ತುಟಿ ನೀಲಿ. ಕುರ್ಚಿ ಹಿಡಿದು ಕೂತಳು.

“ಇವತ್ತೂ ತಲೆ ಸುತ್ತಿತಾ?”

“ಇಲ್ಲ.”

“ಸುಳ್ಳು ಹೇಳ್ಬೇಡ.”

“ಸ್ವಲ್ಪ. ಬಿಡೇ, ನಿಂದೊಂದು.”

“ನಾಳೆ ಮ್ಯಾನೇಜರ್ ಹತ್ರ ನೀನು ಹೇಳ್ತೀಯೋ, ನಾನು ಹೇಳ್ಲೋ?”

ಅಷ್ಟಕ್ಕೇ ಅವಳ ಮುಖ ಬಿಗಿಯಾಯಿತು. “ಮಾತು ಕೊಟ್ಟಿದ್ದೆ ನೀನು” ಅಂದಳು. ನಾನೂ ಬಿಡಲಿಲ್ಲ — ನೀನು ಒಳಗೆ ಸತ್ತರೆ ನಾನು ಕೊಟ್ಟ ಮಾತನ್ನು ಏನು ಮಾಡಲಿ, ಉಪ್ಪಿನಕಾಯಿ ಹಾಕಲೇ? ಕಿರುಚಿಬಿಟ್ಟೆ. ಅವಳು ಎದ್ದಳು. ಮೇಜಿನ ಮೇಲಿದ್ದ ತನ್ನ ಫೋನನ್ನು ಎಳೆದುಕೊಂಡಳು.

“ಇದನ್ನ ಇಟ್ಕೊಂಡ್ರೆ ಸಾಕಲ್ಲ? ಇಟ್ಕೋತೀನಿ. ನನ್ನ ತಲೆ ತಿನ್ಬೇಡ.”

ಮನೆಗೆ ಬೇರೆ ಬೇರೆಯಾಗಿ ಬಂದೆವು. ಅವಳು ಮುಂದೆ, ನಾನು ಹಿಂದೆ, ಒಂದೇ ರಸ್ತೆಯಲ್ಲಿ.

ಮಾರ್ಚ್ 14

ಮಾತಿಲ್ಲ. ಕಥೆಯಿಲ್ಲ. ಎರಡು ರೂಮಿನ ಮನೆಯಲ್ಲಿ ಇಬ್ಬರು ಮೂಗಿಯರು. ಅವಳ ತಟ್ಟೆ ಅವಳು ತೊಳೆಯುತ್ತಾಳೆ, ನನ್ನದು ನಾನು.

ನೆಟ್‌ವರ್ಕ್ ನಿನ್ನೆಯಿಂದ ಪೂರ್ತಿ ಚಾಲೂ. ಪರದೆಯ ಮೇಲೆ ಹನ್ನೆರಡು ಸಾಲು, ಒಬ್ಬೊಬ್ಬರಿಗೊಂದು. ಹಸಿರಾದರೆ ಫೋನ್ ಸಿಗ್ನಲ್‌ನಲ್ಲಿದೆ. ಬೂದಾದರೆ ಇಲ್ಲ. ಕೆಂಪಾದರೆ ಗುಂಡಿ ಒತ್ತಿದ್ದಾರೆ.

ಹನ್ನೊಂದು ಹಸಿರು. ಒಂದು ಬೂದು. ಯಾರದು ಎಂದು ಬರೆಯುವ ಅಗತ್ಯವೇ ಇಲ್ಲ.

ಆಫ್ ಮಾಡಿಟ್ಟಿದ್ದಾಳೆ! ನನ್ನ ಮೇಲಿನ ಹಟಕ್ಕೆ. ನಾನು ಹಲ್ಲು ಕಚ್ಚಿ ಹಿಮದಲ್ಲಿ ನಿಂತು ಮಾಡಿದ್ದೆಲ್ಲ ಅವಳಿಗೋಸ್ಕರ, ಅವಳು ಮಾತ್ರ ಅದನ್ನು ಲಾಕರಿಗೆ ಬಿಸಾಕಿ ಒಳಗೆ ಹೋಗುತ್ತಾಳೆ. ಎಷ್ಟು ಸಿಟ್ಟು ಬರುತ್ತಿದೆ ಎಂದರೆ, ಹೋಗಿ ಕೇಳುವುದಕ್ಕೂ ಮನಸ್ಸಿಲ್ಲ. ಬೇಕಾದರೆ ಅವಳೇ ಆನ್ ಮಾಡಲಿ.

ಮಾರ್ಚ್ 17

ಮ್ಯಾನೇಜರ್ ಬಂದು ಪರದೆ ನೋಡಿದರು. “ಇದ್ಯಾಕೆ ಬೂದು?”

“ಚಾರ್ಜಿಗೆ ಹಾಕಿದಾರೆ ಸಾರ್.”

ಎಷ್ಟು ಸಲೀಸಾಗಿ ಬಂತು ಸುಳ್ಳು. ಬುಧವಾರ ಸೇಫ್ಟಿ ಇನ್ಸ್‌ಪೆಕ್ಟರ್ ಬರುತ್ತಾರೆ, ಅಷ್ಟರಲ್ಲಿ ಎಲ್ಲ ಹಸಿರಾಗಿರಬೇಕು ಅಂದು ಹೋದರು.

ದಿನವಿಡೀ ಆ ಬೂದು ಸಾಲು ನೋಡುತ್ತಾ ಕೂತೆ. ಬೇರೆ ಕೆಲಸ ಓಡಲಿಲ್ಲ. ನೆಪ ಮಾಡಿಕೊಂಡು ಎರಡು ಸಲ ನಾಲ್ಕನೇ ರೂಮಿನ ಬಾಗಿಲ ತನಕ ಹೋದೆ. ಗಾಜಿನಲ್ಲಿ ಫೋರ್ಕ್‌ಲಿಫ್ಟಿನ ದೀಪ ಓಡಾಡುವುದು ಕಂಡಿತು. ಜೀವ ಬಂತು, ವಾಪಸು ಬಂದೆ. ಮೇಸ್ತ್ರಿ ನೋಡಿದರು. “ಏನಮ್ಮ, ಬಾಗಿಲಿಗೆ ಕಾವಲಾ?” ಅಂದರು. ನಗಲು ಆಗಲಿಲ್ಲ.

ಮಾರ್ಚ್ 18. ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಮುಂಚೆ

ಕೆಲಸಕ್ಕೆ ತಡವಾಗುತ್ತಿದೆ. ಆದರೂ ಬರೆಯಬೇಕು.

ಒಗೆಯಲು ಹಾಕೋಣ ಎಂದು ಅಕ್ಕನ ಒಳ ಸ್ವೆಟರ್ ಎತ್ತಿಕೊಂಡೆ. ಭಾರ ಇತ್ತು. ಎದೆಯ ಹತ್ತಿರ ಒಳಗಡೆ ಹೊಸದಾಗಿ ಹೊಲಿದ ಜೇಬು. ಸಣ್ಣ ಸಣ್ಣ ಹೊಲಿಗೆ, ಅವಳದೇ ಕೈ. ಜೇಬಿನೊಳಗೆ ಫೋನು. ಬೆಚ್ಚಗೆ. ಆನ್ ಆಗಿತ್ತು. ಬ್ಯಾಟರಿ ಮುಕ್ಕಾಲು ಭಾಗ ಇತ್ತು.

ಇಷ್ಟು ದಿನದ ಮೇಲೆ ಮೊದಲ ಮಾತು ನನ್ನದೇ ಆಯಿತು.

“ಅಕ್ಕ, ಇದು ಆನ್ ಇದೆಯಲ್ಲ...”

ಅವಳು ಟೀ ಸೋಸುತ್ತಿದ್ದಳು. ತಿರುಗಲಿಲ್ಲ. “ಆಫ್ ಯಾಕಿರುತ್ತೆ? ತಗೊಂಡು ಬಂದ ದಿನದಿಂದ ಆನ್ ಆಗೇ ಇದೆ. ಚಳೀಲಿ ಬ್ಯಾಟರಿ ಸಾಯುತ್ತೆ, ಮೈಗೆ ಒತ್ಕೊಂಡಿರ್ಲಿ ಅಂತ ನೀನೇ ಅಲ್ವಾ ಎಲ್ಲರಿಗೂ ಪಾಠ ಹೇಳಿದ್ದು?”

“ಆದ್ರೆ ನನ್ನ ಪರದೆ ಮೇಲೆ...”

“ಶನಿವಾರ ಒತ್ತಿದ್ದೆ.”

“ಏನು?”

“ಕೆಂಪು ಗುಂಡಿ.” ಸೋಸಣಿಗೆಯನ್ನು ತಟ್ಟಿ ಚರಟ ಚೆಲ್ಲಿದಳು. “ಹಿಂದಿನ ರ‍್ಯಾಕಿನ ಹತ್ರ. ಕಣ್ಣು ಕತ್ತಲೆ ಬಂತು. ಗಾಡಿ ನಿಲ್ಲಿಸಿ ಕೆಳಗೆ ಕೂತ್ಕೊಂಡೆ. ಒತ್ತಿ ಹಿಡ್ಕೊಂಡೆ. ಬರ್ತೀಯ ಅಂತ ಕಾದೆ.”

ಟೀಯನ್ನು ಎರಡು ಲೋಟಕ್ಕೆ ಬಗ್ಗಿಸಿದಳು.

“ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ಅಂದ್ಕೊಂಡೆ. ಆಮೇಲೆ ಸ್ವಲ್ಪ ಸರಿಯಾಯ್ತು. ಎದ್ದೆ.”

ಹಾಗೆ ಅಂದುಕೊಂಡಳು. ತಂಗಿ ಪರದೆ ನೋಡಿ, ಕೆಂಪು ನೋಡಿ, ಸೈರನ್ನನ್ನೂ ಆರಿಸಿ, ಬೇಕೆಂದೇ ಕೂತೇ ಇದ್ದಾಳೆ ಅಂದುಕೊಂಡಳು. ಅಂದುಕೊಂಡೂ ಸಂಜೆ ಮನೆಗೆ ಬಂದು ತನ್ನ ತಟ್ಟೆ ತೊಳೆದಳು. ಆವತ್ತು ನಾನೂ ಎದುರಿಗೇ ಇದ್ದೆ, ಮುಖ ಊದಿಸಿಕೊಂಡು.

ಕಾಲು ಹಿಡಿದುಕೊಂಡು ಅತ್ತೆ. ಏನು ಹೇಳಿದೆನೋ ನೆನಪಿಲ್ಲ. “ಏಳೇ, ಟೀ ಆರಿಹೋಗುತ್ತೆ” ಅಂದಳು. ತಲೆ ಸವರಿದಳು. ಕೈ ತಣ್ಣಗಿತ್ತು.

ಅದೇ ದಿನ, ಮಧ್ಯಾಹ್ನ

ಸಿಕ್ಕಿತು.

ಅವಳ ಕಾರ್ಡು ತೆಗೆದು ರೀಡರ್‌ಗೆ ಹಾಕಿದೆ. ಗುರುತು ಸರಿ. ಕೀ ಸರಿ. ಸರ್ವರ್‌ನಲ್ಲೂ ಸರಿ. ತಲೆ ಕೆಟ್ಟುಹೋಯಿತು. ಕೊನೆಗೆ ಕಾರ್ಡಿನೊಳಗಿನ ಒಂದೊಂದು ಖಾನೆಯನ್ನೂ ತೆರೆದು ಓದುತ್ತಾ ಹೋದೆ. ಪ್ರತಿ ಸಿಮ್‌ನಲ್ಲೂ ಒಂದು ಸಣ್ಣ ಜಾಗ ಇರುತ್ತದೆ — ನಿಷೇಧದ ಪಟ್ಟಿ. ಯಾವುದಾದರೂ ನೆಟ್‌ವರ್ಕು ‘ನೀನು ನಮ್ಮವನಲ್ಲ, ಹೋಗು’ ಅಂದರೆ, ಫೋನು ಅದರ ನಂಬರನ್ನು ಅಲ್ಲಿ ಬರೆದಿಡುತ್ತದೆ. ಆಮೇಲೆ ಆ ಕಡೆ ತಲೆಹಾಕಿಯೂ ಮಲಗುವುದಿಲ್ಲ. ಆಫ್ ಮಾಡಿ ಆನ್ ಮಾಡಿದರೂ ಅಷ್ಟೇ. ಸಿಗ್ನಲ್ ಮೂಗಿನ ಕೆಳಗೇ ಇದ್ದರೂ ಅಷ್ಟೇ.

ಅಕ್ಕನ ಕಾರ್ಡಿನ ಪಟ್ಟಿಯಲ್ಲಿ ಒಂದೇ ನಂಬರ್. ನಮ್ಮದು.

ಹತ್ತನೇ ತಾರೀಖು. ಸರ್ವರ್‌ನಲ್ಲಿ ಸೇರಿಸುವ ಮುಂಚೆ ಫೋನಿಗೆ ಹಾಕಿದ್ದು. ಅವಳದೇ ಮೊದಲು ಆಗಲಿ ಎಂಬ ನನ್ನ ಆತುರ. ನೆಟ್‌ವರ್ಕು ಗುರುತಿಲ್ಲ ಎಂದಿತು, ಕಾರ್ಡು ಬರೆದುಕೊಂಡಿತು, ನಾನು ನಕ್ಕು ಮುಂದಕ್ಕೆ ಹೋದೆ. ಉಳಿದ ಹನ್ನೊಂದು ಜನರ ಕಾರ್ಡಿಗೆ ಏನೂ ಆಗಿಲ್ಲ. ಯಾರನ್ನು ಎಲ್ಲರಿಗಿಂತ ಮೊದಲು ಕಾಪಾಡಬೇಕು ಎಂದು ಹೊರಟೆನೋ, ಅವಳೊಬ್ಬಳೇ ಹೊರಗುಳಿದಳು. ಸಿಗ್ನಲ್ ಇಲ್ಲ ಎಂದು ಫೋನು ದಿನವೂ ಹೇಳುತ್ತಿತ್ತು. ಒಳಗೆ ಯಾವತ್ತೂ ಸಿಗ್ನಲ್ ಕಾಣದ ಅಕ್ಕನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಬೂದು ಬಣ್ಣ ನಾನು ನೋಡುತ್ತಲೇ ಇದ್ದೆ. ನಾನು ಅದರಲ್ಲಿ ಅಕ್ಕನ ಹಟ ಕಂಡೆ.

ಪಟ್ಟಿ ಅಳಿಸಿದೆ. ಫೋನಿಗೆ ಹಾಕಿದೆ. ಎರಡು ಸಲ ಉಸಿರಾಡುವಷ್ಟರಲ್ಲಿ ಹಸಿರು. ಗುಂಡಿ ನಾನೇ ಒತ್ತಿ ನೋಡಿದೆ. ಸೈರನ್ ಕೂಗಿದ ರಭಸಕ್ಕೆ ಮೇಸ್ತ್ರಿ ಸ್ಪ್ಯಾನರ್ ಹಿಡಿದುಕೊಂಡೇ ಓಡಿಬಂದರು.

ಉಳಿದೆಲ್ಲ ಕಾರ್ಡುಗಳನ್ನೂ ಓದಿ ನೋಡಿದೆ. ಎಲ್ಲದರಲ್ಲೂ ಪಟ್ಟಿ ಖಾಲಿ.

ಸಂಜೆ

ಅಕ್ಕನಿಗೆ ಎಲ್ಲ ವಿವರಿಸಿದೆ. ಕಾರ್ಡು, ಪಟ್ಟಿ, ನನ್ನ ತಪ್ಪು. ಪೂರ್ತಿ ಕೇಳಿದಳು.

“ಅಂದ್ರೆ ನೀನು ನೋಡೇ ಇರಲಿಲ್ಲ.”

“ನೋಡಿದ್ರೆ ಬರದೆ ಇರ್ತಿದ್ನಾ ಅಕ್ಕ?”

“ಹೂಂ.” ಸ್ವೆಟರಿನ ಜೇಬಿನ ಹೊಲಿಗೆ ಎಳೆದು ನೋಡಿ, “ಆದ್ರೆ ಇನ್ಮೇಲೆ ನಾನು ಒತ್ತಲ್ಲ ಕಣೇ.”

“ಈಗ ಸರಿಹೋಗಿದೆ. ಪ್ರಾಮಿಸ್.”

“ಸರಿಹೋಗಿರ್ಬೋದು. ನಿನಗೆ ಗೊತ್ತಾಗಲ್ಲ. ಒತ್ತಿ ಕೂತ್ಕೊಂಡು ಬಾಗಿಲು ನೋಡ್ತಾ ಇರೋದಿದೆಯಲ್ಲ... ಅದಕ್ಕಿಂತ ಗುಂಡೀನೇ ಇಲ್ಲದಿದ್ದಾಗ ಚೆನ್ನಾಗಿತ್ತು. ಎದ್ದು ಬರೋದು ನನ್ನ ಕೈಯಲ್ಲೇ ಇದೆ ಅಂತ ಎದ್ದು ಬರ್ತಿದ್ದೆ.”

ಗುಂಡಿಯ ಮಾತು ಅಲ್ಲಿಗೇ ಬಿಟ್ಟೆ. ಒಂದು ಮಾತ್ರ ಬಿಡಲಿಲ್ಲ — ಡಾಕ್ಟರ್. ಕೊನೆಗೆ ಒಪ್ಪಿದಳು. ಗುರುವಾರ. ನಾಳೆ ರಜೆ ಹಾಕು ಅಂದರೆ ಸುತರಾಂ ಕೇಳಲಿಲ್ಲ. ಇನ್ಸ್‌ಪೆಕ್ಟರ್ ಬರುವ ದಿನ ನಾಲ್ಕನೇ ರೂಮಿಗೆ ಬೇರೆ ಡ್ರೈವರ್ ಇಲ್ಲವಂತೆ. “ಒಂದು ದಿನ ತಾನೆ” ಅಂದಳು. ಫೋನನ್ನು ಜೇಬಿಗೆ ಹಾಕಿಕೊಂಡಳು, ನನ್ನ ಸಮಾಧಾನಕ್ಕೆ.

ಮಾರ್ಚ್ 19, ಬುಧವಾರ. ಬೆಳಿಗ್ಗೆ, ಸ್ಟೋರ್ ರೂಮು

ಇನ್ಸ್‌ಪೆಕ್ಟರ್ ಬಂದಿದ್ದಾರೆ. ಮ್ಯಾನೇಜರ್ ಕ್ಯಾಬಿನ್‌ನಲ್ಲಿ ಬಾಗಿಲು ಹಾಕಿಕೊಂಡು ಮಾತು. ಶಿಫ್ಟ್ ಶುರುವಿಗೆ ಎಲ್ಲರೂ ಒಂದೊಂದು ಸಲ ಗುಂಡಿ ಒತ್ತಿ ತೋರಿಸಿದರು. ಮೀಸೆ ಉಳಿದ ಬೆರಳಲ್ಲೇ ಒತ್ತಿ ನಕ್ಕ. ಅಕ್ಕ ಮಾತ್ರ ಒತ್ತಲಿಲ್ಲ. “ನಂದು ನಿನ್ನೆ ನನ್ನ ತಂಗಿ ಒತ್ತಿ ನೋಡಿದಾಳೆ” ಎಂದು ಗ್ಲೌಸು ಹಾಕಿಕೊಂಡು ಒಳಗೆ ಹೋದಳು. ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತಳು. ನೋಡಿದೆ. ನೋಡಿದ್ದು ಅವಳಿಗೂ ಗೊತ್ತು.

ನಿದ್ದೆಯಿಲ್ಲ. ರಾತ್ರಿಯೆಲ್ಲ ಒಂದೇ ಯೋಚನೆ. ಗುಂಡಿ, ಸಿಮ್ಮು, ಡಬ್ಬ, ಕೇಬಲ್ಲು — ಇಷ್ಟೆಲ್ಲ ಕಟ್ಟಿದ್ದು ಒಂದು ಮಾತು ಆಡುವುದನ್ನು ತಪ್ಪಿಸಿಕೊಳ್ಳಲು. ಅಕ್ಕನಿಗೆ ಹುಷಾರಿಲ್ಲ ಸಾರ್, ಅವಳನ್ನು ಒಳಗೆ ಕಳಿಸಬೇಡಿ. ಇಷ್ಟೇ. ಗುರುವಾರದ ತನಕ ಯಾಕೆ ಕಾಯಬೇಕು? ಇವತ್ತೇ ಹೇಳುತ್ತೇನೆ. ಮೀಟಿಂಗ್ ಮುಗಿದ ಕೂಡಲೇ. ಆಮೇಲೆ ಅವಳು ಜನ್ಮದಲ್ಲಿ ನನ್ನ ಹತ್ತಿರ ಮಾತಾಡದಿದ್ದರೂ ಸರಿ. ತಟ್ಟೆ ಬೇರೆ ಬೇರೆ ತೊಳೆದುಕೊಂಡೇ ಬದುಕೋಣ. ಬದುಕಿರಲಿ, ಅಷ್ಟೇ.

ಪರದೆ ಮೇಲೆ ಹನ್ನೆರಡೂ ಹಸಿರು. ಅಕ್ಕ ನಾಲ್ಕನೇ ರೂಮಿನಲ್ಲಿ. ಕ್ಯಾಬಿನ್ ಬಾಗಿಲು ಇನ್ನೂ ತೆರೆದಿಲ್ಲ. ಒಳಗೆ ನಗು ಕೇಳುತ್ತಿದೆ. ಇವರ ಮೀಟಿಂಗ್ ಮುಗಿಯುವ ಲಕ್ಷಣ ಕಾಣುವುದಿಲ್ಲ. ಏನಾದರಾಗಲಿ, ಈಗಲೇ ಹೋಗಿ ಬಾಗಿಲು ತಟ್ಟಿಬಿಡ

ಕೆಂಪು

ಅಕ್ಕನ ಸಾಲು. ಒತ್ತಿದ್ದಾಳೆ. ಒತ್ತಲ್ಲ ಅಂದವಳು — ಸೈರನ್ — ಮೇಸ್ತ್ರಿ ಓಡುತ್ತಿದ್ದಾರೆ — ಬಂದೆ ಅಕ್ಕ, ಈ ಸಲ ನಾನು